ಸ್ಪಿನ್ ಶುರುವಾದರೆ ಮಷೀನ್ ನಡೆಯುತ್ತೆ

ಶನಿವಾರ, 14 ಜೂನ್ 2025

ಕೆಲವು ವಾರಗಳಿಂದ ನಮ್ಮ ವಾಷಿಂಗ್ ಮಷೀನ್ ಸ್ಪಿನ್ ಹೊತ್ತಿಗೆ ನಡುಗುತ್ತಿತ್ತು. ಇವತ್ತು ನಡುಗಿದ್ದು ಸಾಲದು ಅಂತ ನಡೆಯೋಕೂ ಶುರು ಮಾಡಿತು. ಗೋಡೆ ಬಿಟ್ಟು ಒಂದು ಗೇಣು ಮುಂದೆ ಬಂದಿತ್ತು. ಹಿಂದಿನ ನೀರಿನ ಪೈಪು ಬಿಗಿದುಕೊಂಡು ನಿಂತಿತ್ತು. ಅಮ್ಮ ಓಡಿ ಬಂದು ಸ್ವಿಚ್ ಆರಿಸಿದರು. "ನೀನೇ ನೋಡ್ತೀಯೋ, ಯಾರನ್ನಾದ್ರೂ ಕರೆಸ್ಲೋ?" ಅಂದರು. ನೋಡ್ತೀನಿ ಅಂದೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಒಂದು ಕೆಲಸ ಇದೆ. ಅದು ಯಾವಾಗ ನಡುಗುತ್ತದೆ ಅಂತ ಪಕ್ಕದಲ್ಲಿ ನಿಂತು ನೋಡಬೇಕು. ಸ್ಪಿನ್ ಶುರುವಾಗಿ ವೇಗ ಏರುವಾಗ ದಬದಬ ಬಡಿದು, ಪೂರ್ತಿ ವೇಗಕ್ಕೆ ಬಂದ ಮೇಲೆ ಸುಮ್ಮನಾದರೆ ಅದು ಒಂದು ಕಥೆ. ಶುರುವಿನಲ್ಲಿ ಸುಮ್ಮನಿದ್ದು, ಜೋರಾಗಿ ತಿರುಗುವಾಗ ಇಡೀ ನೆಲ ಅದುರಿದರೆ ಬೇರೆಯೇ ಕಥೆ. ಮೊದಲನೆಯದಾದರೆ ಹೆಚ್ಚಾಗಿ ಒಳಗೆ ಓಲಾಟ ತಡೆಯುವ ಡ್ಯಾಂಪರ್ ಸವೆದಿರುತ್ತದೆ, ಇಲ್ಲವೇ ಬಟ್ಟೆ ಒಂದೇ ಕಡೆ ಮುದ್ದೆಯಾಗಿರುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಕಾಲು ಮತ್ತು ನೆಲ ಕಾರಣ.

ನಮ್ಮದು ಫ್ರಂಟ್ ಲೋಡ್. ಅದರೊಳಗೆ ಡ್ರಮ್ಮು, ಡ್ರಮ್ಮಿನ ಸುತ್ತ ನೀರು ತುಂಬುವ ಟಬ್. ಈ ಟಬ್ ಎಲ್ಲೂ ಬಿಗಿಯಾಗಿ ಕೂತಿರುವುದಿಲ್ಲ. ಮೇಲಿನಿಂದ ಸ್ಪ್ರಿಂಗುಗಳಲ್ಲಿ ನೇತಾಡುತ್ತಿರುತ್ತದೆ, ಕೆಳಗೆ ಡ್ಯಾಂಪರುಗಳು ಹಿಡಿದಿರುತ್ತವೆ. ಬೈಕಿನ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ ಅನ್ನಿ. ಸ್ಪ್ರಿಂಗಿನಲ್ಲಿ ನೇತಾಡುವ ಯಾವುದಕ್ಕೇ ಆಗಲಿ, ತನ್ನದೇ ಒಂದು ತೂಗಾಟದ ವೇಗ ಇರುತ್ತದೆ. ಡ್ರಮ್ ಏರುವ ದಾರಿಯಲ್ಲಿ ಆ ವೇಗಕ್ಕೆ ಸರಿಯಾಗಿ ತಾಳೆಯಾದ ಕ್ಷಣ ಟಬ್ ಅತಿ ಜಾಸ್ತಿ ಓಲಾಡುತ್ತದೆ. ಅದನ್ನು ದಾಟಿದರೆ ತಾನಾಗಿಯೇ ತಣ್ಣಗಾಗುತ್ತದೆ. ಆ ಕ್ಷಣ ದಾಟಿಸುವುದೇ ಡ್ಯಾಂಪರಿನ ಮುಖ್ಯ ಕೆಲಸ. ನಮ್ಮ ಮಷೀನ್ ಬಡಿಯುತ್ತಿದ್ದದ್ದು ಅಲ್ಲೇ.

ಆದರೂ ಮೊದಲು ಬಟ್ಟೆ. ಇದಕ್ಕೆ ಖರ್ಚಿಲ್ಲ, ಬಿಚ್ಚುವ ಕೆಲಸವೂ ಇಲ್ಲ. ಸುಮ್ನೆ ಒಂದು ಲೆಕ್ಕ ಹಾಕಿದೆ. ಡ್ರಮ್ಮಿನ ನಡುವಿನಿಂದ ಅಂಚಿಗೆ ಸುಮಾರು 24 ಸೆಂಟಿಮೀಟರ್. ನಿಮಿಷಕ್ಕೆ 1200 ಸುತ್ತು. ಆ ವೇಗದಲ್ಲಿ ಅಂಚಿಗೆ ಅಂಟಿದ ಬಟ್ಟೆ ತನ್ನ ತೂಕದ 380 ಪಟ್ಟಿಗಿಂತ ಜಾಸ್ತಿ ಬಲದಿಂದ ಹೊರಗೆ ಎಳೆಯುತ್ತದೆ. ಒಂದು ಕಡೆ ಬರೀ ಅರ್ಧ ಕಿಲೋ ಹೆಚ್ಚಾದರೆ ಸಾಕು, ಸುಮಾರು 190 ಕಿಲೋ ಭಾರದಷ್ಟು ಎಳೆತ, ಸೆಕೆಂಡಿಗೆ 20 ಸಲ ಸುತ್ತು ಹಾಕುತ್ತಾ. ಅರವತ್ತು ಎಪ್ಪತ್ತು ಕಿಲೋದ ಮಷೀನ್ ಅಲುಗಾಡದೆ ಇರುತ್ತಾ?

ಅದಕ್ಕೇ ಮಷೀನಿನೊಳಗೆ ಕಾಂಕ್ರೀಟಿನ ಭಾರ ಕಟ್ಟಿರುತ್ತಾರೆ. ಅದಕ್ಕೇ ಸ್ಪಿನ್ನಿಗೆ ಮುಂಚೆ ಅದು ಅತ್ತ ಇತ್ತ ನಿಧಾನ ತಿರುಗಿ ಬಟ್ಟೆ ಹರಡುವುದು. ಆದರೆ ಹರಡೋಕೆ ಬಟ್ಟೆ ಬೇಕಲ್ಲ! ಕಾಲೊರೆಸುವ ದಪ್ಪ ಮ್ಯಾಟ್ ಒಂದನ್ನೇ ಹಾಕಿದರೆ ಅದು ಏನು ಮಾಡೀತು? ತುಂಬಿದ ಡ್ರಮ್ಮಿಗಿಂತ ಒಂಟಿ ಮ್ಯಾಟಿನ ಕಾಟ ಜಾಸ್ತಿ. ಜೊತೆಗೆ ನಾಲ್ಕು ಟವೆಲ್ ಹಾಕಿದರೆ ಸರಿಹೋಗುತ್ತದೆ. ರೇನ್‌ಕೋಟ್, ಪ್ಲಾಸ್ಟಿಕ್ ಪದರ ಇರುವ ಹಾಸಿಗೆ ಕವರ್ ಇಂಥವನ್ನು ಸ್ಪಿನ್ನಿಗೆ ಹಾಕಲೇಬಾರದು. ನೀರು ಒಳಗೇ ಕಟ್ಟಿಕೊಂಡಿದ್ದು ಪೂರ್ತಿ ವೇಗದಲ್ಲಿ ಒಮ್ಮೆಲೇ ಜಾರಿದರೆ ಮಷೀನೇ ಉರುಳಬಹುದು.

ಇವತ್ತು ಒಳಗಿದ್ದದ್ದು ದಿನದ ಬಟ್ಟೆಗಳೇ. ಅಂಗಿ, ಪ್ಯಾಂಟು, ಬೆಡ್‌ಶೀಟು. ಕೈಯಲ್ಲಿ ಬಿಡಿಸಿ ಹರಡಿ ಮತ್ತೆ ಸ್ಪಿನ್ ಹಾಕಿದರೂ ಅದೇ ದಬದಬ. ಬಟ್ಟೆ ತೆಗೆದು ಖಾಲಿ ಓಡಿಸಿದೆ. ಗರಗರ ಸದ್ದಿಲ್ಲ, ಕಿರುಚಾಟ ಇಲ್ಲ. ಸದ್ಯ, ಬೇರಿಂಗ್ ಚೆನ್ನಾಗಿದೆ. ಬೇರಿಂಗ್ ಹೋಗಿದ್ದರೆ ಟಬ್ಬನ್ನೇ ಹೊರಗೆ ತೆಗೆಯಬೇಕು, ಅದಕ್ಕೆ ನಾನು ಕೈ ಹಾಕುತ್ತಿರಲಿಲ್ಲ.

ಆಮೇಲೆ ಕಾಲು. ಮೇಲೆ ಎದುರುಬದುರು ಮೂಲೆಗಳಲ್ಲಿ ಎರಡೂ ಕೈಯಿಟ್ಟು ಒತ್ತಿದೆ. ಬಲಗಡೆ ಮುಂದಿನ ಕಾಲು ಟಕ್ ಟಕ್ ಅಂತ ನೆಲ ಮುಟ್ಟಿ ಮೇಲೇಳುತ್ತಿತ್ತು. ಆ ಕಾಲನ್ನು ನೆಲಕ್ಕೆ ಒತ್ತುವವರೆಗೆ ತಿರುಗಿಸಿ, ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿದೆ. ಮುಖ್ಯವಾದದ್ದು ಕಾಲಿನ ಮೇಲಿರುವ ಲಾಕ್ ನಟ್. ಅದನ್ನು ಮಷೀನಿನ ತಳಕ್ಕೆ ಒತ್ತುವ ಹಾಗೆ ಬಿಗಿಯಬೇಕು. ಇಲ್ಲದಿದ್ದರೆ ಅದುರಿ ಅದುರಿ ಕಾಲು ಮತ್ತೆ ಸಡಿಲವಾಗುತ್ತದೆ. ಕಾಲನ್ನು ಆದಷ್ಟು ಕುಳ್ಳಗೇ ಇಟ್ಟರೆ ಒಳ್ಳೆಯದು.

ಮತ್ತೆ ಬಟ್ಟೆ ಹಾಕಿ ಓಡಿಸಿದೆ. ನಡೆಯುವುದು ನಿಂತಿತು. ಬಡಿಯುವುದು ನಿಲ್ಲಲಿಲ್ಲ.

ಬಾಗಿಲು ತೆಗೆದು ಖಾಲಿ ಡ್ರಮ್ಮನ್ನು ಕೈಯಲ್ಲಿ ಕೆಳಕ್ಕೆ ಒತ್ತಿ ಬಿಟ್ಟೆ. ಡ್ಯಾಂಪರ್ ಗಟ್ಟಿ ಇದ್ದರೆ ಒಮ್ಮೆ ಮೇಲೆ ಬಂದು ನಿಲ್ಲಬೇಕು. ನಮ್ಮದು ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ಆಡುತ್ತಲೇ ಇತ್ತು. ಇನ್ನು ಅನುಮಾನ ಉಳಿಯಲಿಲ್ಲ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಹಿಂದಿನ ತಗಡು ಬಿಚ್ಚಿದೆ. ಟಾರ್ಚ್ ಬಿಟ್ಟು ನೋಡಿದರೆ ಟಬ್ಬಿನ ಬುಡದಿಂದ ತಳಕ್ಕೆ ಓರೆಯಾಗಿ ಎರಡು ಡ್ಯಾಂಪರ್. ಎಡಗಡೆಯದರ ಕೊಳವೆಯ ಬಾಯಲ್ಲಿ ಕರಿ ಗ್ರೀಸು ಒಸರಿ, ಧೂಳು ಹತ್ತಿ ಮೆತ್ತಿಕೊಂಡಿತ್ತು. ಸ್ಪ್ರಿಂಗುಗಳ ಕೊಕ್ಕೆ ಸರಿಯಾಗಿತ್ತು. ಕಾಂಕ್ರೀಟ್ ಭಾರದ ಬೋಲ್ಟುಗಳೂ ಬಿಗಿಯಾಗಿದ್ದವು.

ಮಾಡೆಲ್ ನಂಬರ್ ಕೊಟ್ಟು ಒಂದು ಜೊತೆ ಡ್ಯಾಂಪರ್ ತರಿಸಲು ಹೇಳಿದ್ದೇನೆ. ಒಂದನ್ನೇ ಬದಲಿಸಬಾರದು. ಒಂದು ಬಿಗಿ, ಒಂದು ಸಡಿಲ ಇದ್ದರೆ ಟಬ್ ಒಂದು ಕಡೆ ಹೆಚ್ಚು ಓಲಾಡುತ್ತದೆ.

ಶನಿವಾರ, 21 ಜೂನ್ 2025

ಡ್ಯಾಂಪರ್ ಬಂತು, ಹಾಕಿದ್ದೂ ಆಯಿತು. ಪ್ರತಿ ಡ್ಯಾಂಪರನ್ನೂ ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಪಿನ್ ಹಿಡಿದಿರುತ್ತದೆ. ಪಿನ್ನಿನ ತುದಿಯಲ್ಲಿ ಚಿಕ್ಕ ನಾಲಗೆ. ಅದನ್ನು ಸ್ಕ್ರೂಡ್ರೈವರಿನಲ್ಲಿ ಅದುಮಿಕೊಂಡೇ ಎಳೆಯಬೇಕು. ಹೇಳೋಕೆ ಸುಲಭ. ಅಂಗೈ ತಿರುಗಿಸಲೂ ಜಾಗವಿಲ್ಲದ ಕಡೆ, ತಗಡಿನ ಅಂಚು ಮೊಣಕೈಗೆ ತರಚುತ್ತಿರುವಾಗ, ಆ ನಾಲಗೆ ಜಾರುತ್ತಲೇ ಇತ್ತು. ಅಮ್ಮ ಟಾರ್ಚ್ ಹಿಡಿದು ಕೂತರು. ಬೆಳಕು ಮಾತ್ರ ಪಿನ್ನಿನ ಮೇಲಲ್ಲ, ಒಳಗಿನ ಧೂಳಿನ ಮೇಲೇ ಇತ್ತು. "ಇಷ್ಟು ಕೊಳೆ ಬಟ್ಟೆ ಒಗೆಯೋ ಮಷೀನೊಳಗಾ?" ಅಂತ ಅವರಿಗೆ ಆಶ್ಚರ್ಯ.

ಹಳೆಯದನ್ನೂ ಹೊಸದನ್ನೂ ಕೈಯಲ್ಲಿ ಹಿಡಿದು ನೋಡಿದೆ. ಒಸರಿದ ಡ್ಯಾಂಪರ್ ಎರಡು ಬೆರಳಿಗೆ ಸರ್ರನೆ ಒಳಗೆ ಹೋಗಿ ಹೊರಗೆ ಬಂತು. ಹೊಸದನ್ನು ಎರಡೂ ಕೈಯಲ್ಲಿ ತಿಣುಕಿ ಎಳೆಯಬೇಕಾಯಿತು. ಸವೆದ ಡ್ಯಾಂಪರಿಗೆ ಎಣ್ಣೆ ಬಿಟ್ಟರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಒಳಗಿನ ಪ್ಯಾಡ್ ಕೊಳವೆಗೆ ಉಜ್ಜಿಯೇ ಓಲಾಟ ತಡೆಯುವುದು. ಎಣ್ಣೆ ಬಿಟ್ಟರೆ ಇರುವ ಬಿಗಿಯೂ ಹೋಗುತ್ತದೆ.

ಕಾಲಿನ ಕೆಳಗೆ ರಬ್ಬರ್ ಪ್ಯಾಡ್ ಇಟ್ಟರೆ ಸಾಕಿತ್ತಲ್ವಾ ಅಂತ ಅಮ್ಮ ಕೇಳಿದರು. ನುಣುಪಾದ ಟೈಲ್ಸ್ ಮೇಲೆ ಜಾರದ ಹಾಗೆ ಅದು ಹಿಡಿಯುತ್ತದೆ, ನಿಜ. ಆದರೆ ಡ್ಯಾಂಪರ್ ಸವೆದಾಗ ಟಬ್ ಒಳಗೆ ತಗಡಿಗೆ ಗುದ್ದುತ್ತಲೇ ಇರುತ್ತದೆ. ಹೊರಗೆ ನಮಗೆ ಕೇಳಿಸುವುದು ಕಡಿಮೆಯಾಗುತ್ತದೆ ಅಷ್ಟೆ. ಹೊಸ ಮಷೀನ್ ಮೊದಲ ದಿನವೇ ಹೀಗೆ ಕುಣಿದರೆ ಪ್ಯಾಡೂ ಬೇಡ, ಡ್ಯಾಂಪರೂ ಬೇಡ. ಸಾಗಿಸುವಾಗ ಟಬ್ ಅಲುಗದಂತೆ ಹಿಂದಿನಿಂದ ಹಾಕಿದ ಉದ್ದದ ಬೋಲ್ಟುಗಳನ್ನು ತೆಗೆದಿದ್ದಾರಾ ನೋಡಿ. ತೆಗೆದ ಮೇಲೆ ಎಸೆಯಬೇಡಿ, ಮನೆ ಬದಲಿಸುವಾಗ ಮತ್ತೆ ಬೇಕು.

ಮೊನ್ನೆಯ ಹಾಗೆಯೇ ಅಂಗಿ, ಪ್ಯಾಂಟು, ಬೆಡ್‌ಶೀಟ್ ಹಾಕಿ ಓಡಿಸಿದೆವು. ಏರುವಾಗ ಒಂದು ಸಣ್ಣ ನಡುಕ, ಆಮೇಲೆ ಬರೀ ಮೋಟಾರಿನ ಸದ್ದು. ಬಟ್ಟೆಯೂ ಮೊದಲಿಗಿಂತ ಚೆನ್ನಾಗಿ ಹಿಂಡಿತ್ತು. ಇಷ್ಟು ದಿನ ಅದು ಓಲಾಟಕ್ಕೆ ಹೆದರಿ ಪೂರ್ತಿ ವೇಗಕ್ಕೆ ಹೋಗುತ್ತಲೇ ಇರಲಿಲ್ಲ ಅಂತ ಕಾಣುತ್ತೆ.