ಕೈಹಿನ್ ಅಂದ ಮೇಲೆ ಸಿಕ್ಕ ಜೆಟ್

ಅಂತೂ ನಿನ್ನೆ ರಾತ್ರಿ ಒಂಬತ್ತೂವರೆಗೆ ಬಲ್ಬು ಅಲುಗದೆ ನಿಂತಿತು. ಮೂರು ವಾರದಿಂದ ನನ್ನ ಹಳೇ ಪೆಟ್ರೋಲ್ ಜನರೇಟರ್ ಉಬ್ಬಸದವರ ಹಾಗೆ ಏರುತ್ತ ಇಳಿಯುತ್ತ ಓಡುತ್ತಿತ್ತು. ಪ್ಲಗ್, ಆಯಿಲ್, ಫಿಲ್ಟರ್ ಎಲ್ಲ ನೋಡಿ ಮುಗಿದಿತ್ತು, ಅದನ್ನು ಬರೆಯೋಲ್ಲ. ಗಾಳಿ ತಡೆಯುವ ಚೋಕ್ ಅರ್ಧ ಎಳೆದರೆ ಏರಿಳಿತ ನಿಲ್ಲುತ್ತಿತ್ತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನೊಳಗಿನ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿದೆ. ಎರಡು ಮಳೆಗಾಲ ಟ್ಯಾಂಕಿನಲ್ಲೇ ಪೆಟ್ರೋಲ್ ಬಿಟ್ಟು ಅಂಟುಗಟ್ಟಿಸಿದವನು ನಾನೇ, ಇನ್ಯಾರಿಗೆ ಬಯ್ಯಲಿ? ವೈರಿನ ಒಂದೆಳೆ ತಾಮ್ರ ತೂರಿಸಿ ನೋಡಿದೆ, ಜಗ್ಗಲಿಲ್ಲ. ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದ್ದಕ್ಕೆ ಹಿತ್ತಾಳೆ ಜೆಟ್ಟಿನ ತಲೆಯೂ ಸವೆದು ಕೂತಿತು.

ಹೊಸದು ತರಿಸೋಣ ಅಂದರೆ ಶುರುವಾಯಿತು ರಾಮಾಯಣ. ಕಾರ್ಬ್ಯುರೇಟರಿನ ಮೇಲಿದ್ದ ಹೆಸರು ಕೇಹಿನ್. ಟೋಕಿಯೊದ ‘ಕ್ಯೋ’ ಅಕ್ಷರವನ್ನು ‘ಕೇ’ ಅಂತಲೂ ಯೊಕೊಹಾಮದ ‘ಹಾಮ’ವನ್ನು ‘ಹಿನ್’ ಅಂತಲೂ ಓದಿ ಜೋಡಿಸಿದ ಹೆಸರದು. ಇದನ್ನೆಲ್ಲ ಓದಿಕೊಂಡಿದ್ದ ಜಾಣ ನಾನು, ಫೋನಿನಲ್ಲಿ ಸ್ಪಷ್ಟವಾಗಿ ‘ಕೇಹಿನ್ ಪೈಲಟ್ ಜೆಟ್, 35 ನಂಬರ್’ ಅಂದೆ. ‘ಅದು ಬರಲ್ಲ ಸರ್.’ ಇನ್ನೊಂದು ಅಂಗಡಿಯವನು ‘ಇದೆ ಇದೆ’ ಅಂತ ದುಡ್ಡು ಹಾಕಿಸಿಕೊಂಡು ಮಿಕುನಿ ಅನ್ನೋ ಬೇರೆ ಕಂಪನಿಯ ಜೆಟ್ ಕಳಿಸಿದ. ಥ್ರೆಡ್ ಕೂರಲೇ ಇಲ್ಲ. ವಾಪಸ್ ತಗೊಳ್ಳಲ್ಲವಂತೆ, ಕೊರಿಯರ್ ಖರ್ಚೂ ನಂದೇ. ಮತ್ತೆ ಮೊದಲಿನವನಿಗೇ ಫೋನು. ಈ ಸಲ ಇಂಗ್ಲಿಷ್ ಅಕ್ಷರ ಒಂದೊಂದೇ ಬಿಡಿಸಿ ಹೇಳಿದೆ.

‘ಓ, ಕೈಹಿನ್ನಾ! ಹಂಗೆ ಹೇಳಬಾರ್ದಾ? ಡಬ್ಬಿಗಟ್ಟಲೆ ಇದೆ.’

ನಗುವ ಹಾಗೂ ಇಲ್ಲ. ನಾವು ಹೋಂಡಾ ಅನ್ನೋದೂ ಇಂಗ್ಲಿಷಿನ ದಾರಿಯಲ್ಲೇ ಬಂದದ್ದು. ಜಪಾನಿನವರ ಬಾಯಲ್ಲಿ ‘ಒ’ ಹ್ರಸ್ವ, ಕೊನೆಗೆ ನಾಲಗೆ ಹಲ್ಲಿಗೆ ತಾಗುತ್ತೆ: ಹೊನ್‌ದ. ನಮ್ಮ ವರ್ಣಮಾಲೆಯಲ್ಲೇ ‘ದ’ ಇಟ್ಟುಕೊಂಡು ‘ಡ’ ಬಡಿಯುತ್ತೇವೆ. ಯಮಹಾ ಮಾತ್ರ ಹೆಚ್ಚುಕಡಿಮೆ ಸರಿ, ಕೊನೆಯ ದೀರ್ಘ ತೆಗೆದರೆ ಸಾಕು. ಯಮ ನಮಗೆ ಮೊದಲೇ ಪರಿಚಯ.

ಹೊಸ ಜೆಟ್ ಹಾಕಿದೆ, ಎರಡನೇ ಎಳೆತಕ್ಕೆ ಸ್ಟಾರ್ಟ್. ಖಾಲಿ ಓಡುವಾಗ 52 ಹರ್ಟ್ಸ್, 200 ವಾಟಿನ ಬಲ್ಬು ಹಾಕಿದರೆ ಮನೆ ಕರೆಂಟಿನ ಹಾಗೇ 50. ಇನ್ನೇನು ಬೇಕು!

ಮುಂದೆ ಇದನ್ನೇ ಗೋಬರ್ ಗ್ಯಾಸಿನಲ್ಲಿ ಓಡಿಸಬೇಕು. ಗ್ಯಾಸಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ಇಂಜಿನ್ನನ್ನು ತಿನ್ನುತ್ತೆ, ಹಾಗಾಗಿ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಪೈಪಿನಲ್ಲಿ ಹಾಯಿಸಿ ಬಿಡಬೇಕು. ತುಕ್ಕಿಗೆ ಯಾವ ಅಂಗಡಿಗೂ ಫೋನ್ ಮಾಡಬೇಕಿಲ್ಲ, ಮನೆಯಲ್ಲೇ ಬೇಕಾದಷ್ಟಿದೆ.

ಅದಕ್ಕೂ ಮೊದಲು ಕಳೆ ಕೊಚ್ಚುವ ಯಂತ್ರಕ್ಕೆ ಡಯಾಫ್ರಾಂ (ಕಾರ್ಬ್ಯುರೇಟರಿನ ತೆಳು ಪೊರೆ) ತರಿಸಬೇಕು, ವಯಸ್ಸಾಗಿದೆ. ಯಂತ್ರದ ಕಂಪನಿಯ ಹೆಸರು ನಮ್ಮೂರಲ್ಲಿ ಸ್ಟಿಲ್, ಜರ್ಮನಿಯಲ್ಲಿ ಶ್ಟೀಲ್. ನಾನು ಹಾಗಂದರೆ ಸ್ಟೀಲ್ ಡಬ್ಬಿ ಬಂದೀತು. ಈ ಸಲ ಬಾಯಿ ಮುಚ್ಚಿಕೊಂಡು ಫೋಟೊ ಕಳಿಸುತ್ತೇನೆ.