ಮನೆಯಲ್ಲೇ ಕೂತು ಬೇಜಾರಾಗುದಿಲ್ವಾ?

ನಾನು ರಿಟೈರ್ ಆಗಿ ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ಜನ ನನ್ನನ್ನು ಜಾಸ್ತಿ ಕೇಳಿದ ಪ್ರಶ್ನೆ ಒಂದೇ. ಮದುವೆ ಮನೆಯಲ್ಲಿ ಸಿಗುವ ಹಳೆ ಆಫೀಸಿನವರು, ಪುಣೆಯಲ್ಲಿರುವ ಮಗಳು, ಅವಳ ಅತ್ತೆ, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳುತ್ತಾರೆ. "ಇಡೀ ದಿನ ಒಬ್ಬರೇ ಎಂತ ಮಾಡ್ತೀರಿ ಮಾರಾಯ್ರೆ? ಬೇಜಾರಾಗುದಿಲ್ವಾ?"

ಇಲ್ಲ ಅಂದರೆ ಯಾರೂ ನಂಬುವುದಿಲ್ಲ. ಪೂರ್ತಿ ಹೇಳೋಣ ಅಂದರೆ ಅಷ್ಟರಲ್ಲಿ ಪಾಯಸ ಬಂದಿರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲ ಆರು ತಿಂಗಳು ಬೇಜಾರಾಗಿತ್ತು, ತುಂಬಾ ಆಗಿತ್ತು. 33 ವರ್ಷ ಎಂಟೂಕಾಲಿನ ಬಸ್ಸು ಹಿಡಿದವಳು ನಾನು. ಕೆಲಸ ಮುಗಿದ ಮೇಲೂ ಆ ಬಸ್ಸಿನ ಹಾರ್ನ್ ಕೇಳಿದರೆ ಕೈ ತಾನಾಗಿ ಬ್ಯಾಗ್ ಹುಡುಕುತ್ತಿತ್ತು. ಹನ್ನೊಂದು ಗಂಟೆಗೇ ಅಡುಗೆ ಮುಗಿಯುತ್ತಿತ್ತು. ಆಮೇಲೆ ಸಂಜೆಯವರೆಗೆ ಗಡಿಯಾರ ನೋಡುವುದೇ ಕೆಲಸ. ನನ್ನವರು ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಆ ದಿನಗಳ ಬಗ್ಗೆ ಇಷ್ಟು ಸಾಕು.

ನಮ್ಮ ಮನೆ ಇರುವುದು ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ, ಶಂಕರಪುರದ ಹತ್ತಿರ. ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್ ಸಿಕ್ಕಿದೆಯಲ್ಲ, ಆ ಹೂವಿನ ಊರು. ಇಲ್ಲಿ ಅಂಗಳದಲ್ಲಿ ಜಾಗ ಇಲ್ಲದವರು ತಾರಸಿಯ ಮೇಲೆ ಕುಂಡದಲ್ಲಾದರೂ ನೆಡುತ್ತಾರೆ. ಅಂಥ ಊರಲ್ಲಿದ್ದೂ ನಾನು ಅಷ್ಟು ವರ್ಷ ಹೂವನ್ನು ಕೊಂಡು ಮುಡಿದವಳು.

ಪಕ್ಕದ ಮನೆಯ ಬಾಯಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು. ಒಂದು ಬೆಳಿಗ್ಗೆ ಬೇಲಿಯ ಹತ್ತಿರ ನಿಂತಿದ್ದೆ. ಅವರು ಜಗಲಿಯಲ್ಲಿ ಹೂ ಕಟ್ಟುತ್ತಿದ್ದವರು ತಲೆ ಎತ್ತದೇ ಹೇಳಿದರು: "ಸುಮ್ನೆ ನಿಂತು ನೋಡ್ಬೇಡ ಮಗಾ. ಬಾ, ನಾರು ಸೀಳಿ ಕೊಡು."

ಹೋಗಿ ಕೂತೆ. ಅಂದಿನಿಂದ ಕೂರುತ್ತಲೇ ಇದ್ದೇನೆ.

ನಮ್ಮಲ್ಲಿ ಈ ಹೂ ಕಟ್ಟಲು ಸೂಜಿ ಇಲ್ಲ, ನೂಲಿಲ್ಲ. ಒಣಗಿದ ಬಾಳೆಯ ನಾರನ್ನು ನೀರಲ್ಲಿ ನೆನೆಸಿ, ಉಗುರಿನಿಂದ ಸಪೂರ ಸೀಳಬೇಕು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ. ತೊಟ್ಟುಗಳ ಸುತ್ತ ನಾರನ್ನು ತಂದು, ಕುಣಿಕೆಯೊಳಗೆ ತೂರಿಸಿ ಎಳೆಯಬೇಕು. ಜಾಸ್ತಿ ಎಳೆದರೆ ತೊಟ್ಟು ತುಂಡಾಗುತ್ತದೆ. ಸಡಿಲ ಬಿಟ್ಟರೆ ಮೊಗ್ಗು ಜಾರುತ್ತದೆ. ಸರಿಯಾದ ಬಿಗಿ ಎಷ್ಟು ಅಂತ ಬಾಯಲ್ಲಿ ಹೇಳಲು ಬರುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ನನ್ನ ಬೆರಳಿಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಗೊತ್ತಾದ ದಿನ ನನಗಾದ ಖುಷಿ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಸುಮಾರು 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಮಾರುವುದು ಈ ಲೆಕ್ಕದಲ್ಲೇ. ದರ ದಿನಾ ಬೇರೆ. ಮಳೆಗಾಲದ ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಕೇಳುವವರು ಕಡಿಮೆ. ಮದುವೆ, ಭೂತಕೋಲದ ದಿನಗಳಲ್ಲಿ ಏರುತ್ತದೆ. ನನ್ನದು ಈಗ 22 ಗಿಡ, ಎಲ್ಲ ಬಾಯಮ್ಮ ಕೊಟ್ಟ ಗೆಲ್ಲುಗಳಿಂದ ಆದದ್ದು. ಒಳ್ಳೆ ದಿನ ಎರಡು ಚೆಂಡು ಆಗುತ್ತದೆ. ಗಿಡಕ್ಕೆ ಹಾಕುವ ಕಡಲೆ ಹಿಂಡಿಯ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ ಕೂಡ. ಆದರೆ ಬೆಳಿಗ್ಗೆ ಐದೂವರೆಗೆ ನನ್ನನ್ನು ಎಬ್ಬಿಸುವುದು ಆ ದುಡ್ಡಲ್ಲ.

ಬೆಳಗಾಗುವಾಗ ಗಿಡದ ಮುಂದೆ ನಿಂತರೆ ಮೊದಲಿಗೆ ಎಲ್ಲ ಮೊಗ್ಗೂ ಒಂದೇ ಥರ ಕಾಣುತ್ತವೆ. ಸ್ವಲ್ಪ ಹೊತ್ತು ನೋಡಬೇಕು. ಕೆಲವು ಉಬ್ಬಿ ಬೆಳ್ಳಗಾಗಿರುತ್ತವೆ, ಅವು ಇವತ್ತು ಸಂಜೆ ಅರಳುವವು. ಬುಡದಲ್ಲಿ ಇನ್ನೂ ಹಸಿರು ಇದ್ದರೆ ನಾಳೆಯದು. ಇವತ್ತಿನದನ್ನು ಇವತ್ತೇ ಕೊಯ್ಯಬೇಕು. ನಾಳೆ ನೋಡೋಣ ಅಂದರೆ ಅದು ಗಿಡದಲ್ಲೇ ಅರಳಿ ಉದುರಿರುತ್ತದೆ. ಆಫೀಸಿನಲ್ಲಿ ನಾವು ಯಾವ ಫೈಲನ್ನಾದರೂ ನಾಳೆಗೆ ತಳ್ಳಬಹುದಿತ್ತು. ನನ್ನ ಖುಷಿಗಳನ್ನೂ ನಾನು ಹಾಗೇ ತಳ್ಳುತ್ತಾ ಬಂದಿದ್ದೆ. ಮಗಳ ಪರೀಕ್ಷೆ ಮುಗಿಯಲಿ, ಮನೆ ಸಾಲ ತೀರಲಿ, ರಿಟೈರ್ ಆಗಲಿ ಅಂತ. ನನ್ನವರ ಜೊತೆ ಮಲ್ಪೆ ಕಡಲಿಗೆ ಹೋಗಿ ಸುಮ್ನೆ ಕೂರಬೇಕು ಅಂದುಕೊಂಡದ್ದು ಎಷ್ಟು ಸಲ! ಮನೆಯಿಂದ ದೂರವೇನೂ ಇಲ್ಲ. ಹೋದದ್ದು ಎರಡೋ ಮೂರೋ ಸಲ.

ಈಗ ಯಾವುದನ್ನೂ ತಳ್ಳುವುದಿಲ್ಲ. ಮೊದಲ ಮಳೆಗೆ ಮಣ್ಣಿನ ಪರಿಮಳ ಬಂದರೆ ಒಲೆ ಆರಿಸಿ ಹೊರಗೆ ಬರುತ್ತೇನೆ. ಗಂಜಿಗೆ ಎಳೆ ಮಾವಿನಕಾಯಿ ಚಟ್ನಿ ಬೇಕು ಅನಿಸಿದರೆ ಅದೇ ದಿನ ಮಾಡುತ್ತೇನೆ. ತಿಂಗಳಿಗೊಮ್ಮೆ ಮಲ್ಪೆಗೂ ಹೋಗುತ್ತೇನೆ, ಒಬ್ಬಳೇ.

2020ರ ಲಾಕ್‌ಡೌನ್ ಬಂದಾಗ ಮದುವೆ ಇಲ್ಲ, ಕೋಲ ಇಲ್ಲ, ದೇವಸ್ಥಾನದ ಬಾಗಿಲು ಹಾಕಿತ್ತು. ಹೂ ತೆಗೆದುಕೊಳ್ಳುವವರೇ ಇರಲಿಲ್ಲ. ಗಿಡಕ್ಕೆ ಅದೆಲ್ಲ ಎಲ್ಲಿ ಗೊತ್ತು, ಬಿಸಿಲು ಚೆನ್ನಾಗಿತ್ತು, ಮೊಗ್ಗು ತುಂಬಿಕೊಂಡಿತು. ಇದನ್ನೇ ನಂಬಿ ಬದುಕುವ ಮನೆಗಳಿಗೆ ಅದು ದೊಡ್ಡ ಹೊಡೆತ. ಪಿಂಚಣಿ ಬರುವ ನಾನು ನನ್ನ ಕಷ್ಟ ಅಂತ ಹೇಳಿದರೆ ತಪ್ಪಾಗುತ್ತದೆ. ಬಾಯಮ್ಮ ಮಾತ್ರ ಒಂದು ದಿನವೂ ಕೊಯ್ಲು ಬಿಡಲಿಲ್ಲ. "ಹೂ ಬಂದದ್ದು ಬಂದಿದೆ, ಕಟ್ಟುವ" ಅಂದರು. ಬೇಲಿಯ ಆಚೆ ಅವರು, ಈಚೆ ನಾನು, ಕೂತು ಕಟ್ಟಿದೆವು. ಒಂದು ತುಂಡು ಅವರ ಮನೆಯ ಮೇರಿ ಮಾತೆಗೆ, ಒಂದು ನಮ್ಮ ದೇವರಿಗೆ. ಉಳಿದದ್ದನ್ನು ಅಕ್ಕಪಕ್ಕದ ಗೇಟುಗಳಿಗೆ ನೇತುಹಾಕಿದೆವು. ಆ ವಾರಗಳಲ್ಲಿ ಸಂಜೆಯಾದರೆ ನಮ್ಮ ಇಡೀ ಓಣಿ ಮಲ್ಲಿಗೆಯ ಪರಿಮಳ. ಆಚೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು ಕಿಟಕಿ ಮುಚ್ಚಬೇಡಿ ಅಂತ ಹಟ ಮಾಡುತ್ತಿದ್ದರಂತೆ.

ಬಾಯಮ್ಮ ಈಗ ಇಲ್ಲ. ಅವರು ನಾರು ನೆನೆಸುತ್ತಿದ್ದ ಅಲ್ಯೂಮಿನಿಯಂ ಬೋಗುಣಿಯನ್ನು ಅವರ ಸೊಸೆ ನನಗೆ ಕೊಟ್ಟಿದ್ದಾಳೆ. ದಿನಾ ಅದರಲ್ಲೇ ನೆನೆಸುತ್ತೇನೆ.

ಕಳೆದ ಮೇ ತಿಂಗಳಲ್ಲಿ ಮಗಳು ಬಂದಿದ್ದಳು. ಬಂದ ದಿನ ಅದೇ ಪ್ರಶ್ನೆ: "ಅಮ್ಮಾ, ನಮ್ಮ ಜೊತೆ ಬಂದು ಇರಬಾರದಾ? ಇಲ್ಲಿ ಒಬ್ಬಳೇ ಹೇಗೆ ಹೊತ್ತು ಹೋಗುತ್ತದೆ?" ನಾನು ಏನೂ ಹೇಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅವಳೇ ಎದ್ದು ಬಂದು ಚಾಪೆಯ ಮೇಲೆ ಕೂತು, ನಾರು ಕೊಡು ಅಂದಳು. ಒಂದು ಗಂಟೆಯಲ್ಲಿ ಅವಳು ಕಟ್ಟಿದ್ದು ಗೇಣುದ್ದ. ನಡುನಡುವೆ ಜಾರಿದ್ದವು, ನಾನು ಸರಿ ಮಾಡಲು ಹೋಗಲಿಲ್ಲ. ಅದನ್ನೇ ಮುಡಿದುಕೊಂಡು ಮಧ್ಯಾಹ್ನ ರೈಲು ಹತ್ತಿದಳು.

ರಾತ್ರಿ ಎಂಟರ ಹೊತ್ತಿಗೆ ಫೋನ್ ಬಂತು. ರೈಲಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಅಂದೆ.

"ಅಮ್ಮಾ, ನಾನು ಕಟ್ಟಿದ ಹೂ ಈಗ ಅರಳ್ತಾ ಉಂಟು."