ಅಥೆನ್ಸ್‌ನಲ್ಲಿ ಸಿಂಹದಮ್ಮನನ್ನು ನೋಡುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಸಿಂಹದಮ್ಮ ಅಂದರೆ ಕಿಬೆಲೆ ಅನ್ನೋ ದೇವಿಯನ್ನು ನೋಡೋಕೆ ಅಥೆನ್ಸ್‌ನ ಬಂದರು ಪಿರಾಯಸ್‌ನ ಮ್ಯೂಸಿಯಂಗೆ ಟ್ಯಾಕ್ಸಿಯಲ್ಲಿ ಹೋಗಬೇಡಿ. ನಮ್ಮ ಚಾಲಕ ಬಂದರೆಲ್ಲ ಸುತ್ತಿಸಿ 38 ಯೂರೋ ಕಿತ್ತುಕೊಂಡ. ಇಳಿದು ನೋಡಿದರೆ ಬಾಗಿಲಿಗೆ ಬೀಗ, ವಾರದ ರಜೆ! ಅದನ್ನು ನೋಡಿಕೊಳ್ಳದೆ ಹೊರಟಿದ್ದು ನಮ್ಮದೇ ತಪ್ಪು ಬಿಡಿ.

ಮಾರನೇ ದಿನ ಮೆಟ್ರೋ ಹತ್ತಿದೆವು. ಮೂರನೇ ಲೈನಿನಲ್ಲಿ ದಿಮೋತಿಕೋ ಥಿಯಾತ್ರೋ ಸ್ಟೇಷನ್‌ಗೆ ಇಳಿದರೆ ಮ್ಯೂಸಿಯಂ ನಡೆಯುವಷ್ಟು ದೂರ. ನಾವು ಹೋದಾಗ ಟಿಕೆಟ್ ಒಂದು ಕಾಫಿಗಿಂತ ಅಗ್ಗವಿತ್ತು.

ಅಲ್ಲಿಗೆ ಬರುವವರೆಲ್ಲ 1959ರಲ್ಲಿ ಸಿಕ್ಕ ಕಂಚಿನ ಅಪೊಲೊ ದೇವರ ಮೂರ್ತಿ ಮುಂದೆ ನಿಲ್ಲುತ್ತಾರೆ. ನಮಗೆ ಬೇಕಿದ್ದವಳು ಕಿಬೆಲೆ. ಹತ್ತಿರದ ಮೊಸ್ಖಾತೊದಲ್ಲಿ ಸಿಕ್ಕ ಅವಳ ಗುಡಿ ಕ್ರಿ.ಪೂ. 4ನೇ ಶತಮಾನದ್ದು. ಸಿಂಹಾಸನದ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ಸಿಂಹ. ಇವಳು ಗ್ರೀಕರವಳಲ್ಲ. ಈಗಿನ ಟರ್ಕಿಯಲ್ಲಿದ್ದ ಫ್ರಿಜಿಯಾದಿಂದ ಬಂದವಳು. ಗ್ರೀಕರು ಅವಳನ್ನು ಹೆಚ್ಚಾಗಿ ಕರೆದದ್ದು ‘ಮೇಟೇರ್’ ಅಂತ, ಅಂದರೆ ಅಮ್ಮ. ಮೆಟ್ರೋ ಅನ್ನೋ ಹೆಸರಿನ ಬೇರೂ ಅದೇ ಪದ!

ಅಂಗೈಯಲ್ಲಿ ಹಿಡಿಸುವಂಥ ಅಮೃತಶಿಲೆಯ ಪುಟ್ಟ ಗುಡಿಗಳನ್ನೂ ಅವಳಿಗೆ ಮಾಡಿಸುತ್ತಿದ್ದರು. ಅವು ಕಂಡರೆ ಬಗ್ಗಿ ನೋಡಿ. ಒಂದು ಕೈಯಲ್ಲಿ ತಮಟೆಯಂಥ ವಾದ್ಯ, ಇನ್ನೊಂದರಲ್ಲಿ ಬಟ್ಟಲು. ತೊಡೆ ಮೇಲೆ ಬೆಕ್ಕಿನ ಮರಿ ಹಾಗೆ ಮಲಗಿರುವುದು ಸಿಂಹ.

ಅಥೆನ್ಸ್ ಊರೊಳಗಿನ ಅಗೋರಾದಲ್ಲಿ, ಅಂದರೆ ಹಳೇ ಕಾಲದ ಸಂತೆ ಬಯಲಿನಲ್ಲಿ, ಇವಳ ಮನೆ ‘ಮೆಟ್ರೋಒನ್’ ಇದೆ. ಇದೆ ಅಂದರೆ ಬರೀ ಪಾಯ. ಜನ ಪಕ್ಕದ ದಿಬ್ಬದ ಮೇಲಿನ ಹೆಫೈಸ್ಟಸ್ ಗುಡಿಯ ಫೋಟೋ ತೆಗೆಯೋಕೆ ಇದನ್ನು ದಾಟಿಕೊಂಡು ಹೋಗುತ್ತಾರೆ. ನನಗೆ ಗಲಾಟೆ ಆಗದು, ಹಾಗಾಗಿ ಇಲ್ಲೇ ಜಾಸ್ತಿ ಹೊತ್ತು ಕೂತೆ. ನೆರಳಿಲ್ಲ, ಬೆಳಗ್ಗೆಯೇ ಹೋಗಿ. ಅಥೆನ್ಸ್ ತನ್ನ ಕಾನೂನು, ನಿರ್ಣಯಗಳ ದಾಖಲೆ ಇಡುತ್ತಿದ್ದದ್ದು ಈ ಹೊರಗಿನವಳ ಮನೆಯಲ್ಲಿ! ಅವಳ ಹೆಸರಲ್ಲಿ ಭಿಕ್ಷೆ ಬೇಡುತ್ತಾ ಬಂದ ಪೂಜಾರಿಯನ್ನು ಊರವರು ಗುಂಡಿಗೆ ತಳ್ಳಿ ಕೊಂದರಂತೆ, ಆಮೇಲೆ ರೋಗ ಬಡಿದು, ತಪ್ಪೊಪ್ಪಿಕೊಂಡು ಈ ಮನೆ ಕಟ್ಟಿದರಂತೆ. ನಂತರದವರು ಹೇಳಿದ ಕಥೆ. ಕಟ್ಟುಕಥೆಯೇ ಇರಬಹುದು, ಆದರೆ ಸುಮ್ನೆ ಹುಟ್ಟಿದ್ದಲ್ಲ ಅನಿಸುತ್ತದೆ.



ಊಟ ಮಾತ್ರ ಹೇಳಲೇಬೇಕು. ಮ್ಯೂಸಿಯಂ ಹಿಂದಿನ ಗಲ್ಲಿಯಲ್ಲಿ ನಾಲ್ಕೇ ಮೇಜಿನ ಹೋಟೆಲ್ ಇತ್ತು. ಸಸ್ಯಾಹಾರಿಗಳು ‘ನಿಸ್ತೀಸಿಮೊ’ ಅಂತ ಕೇಳಿ, ಉಪವಾಸದ ಅಡುಗೆ ಅಂತ ಅರ್ಥ. ಮಾಂಸ, ಹಾಲು ಇರಲ್ಲ. ಆದರೆ ಸಿಗಡಿ, ಬೊಂಡಾಸ (ಸ್ಕ್ವಿಡ್) ಅದರಲ್ಲಿ ನಡೆಯುತ್ತೆ, ಅದನ್ನೂ ವಿಚಾರಿಸಿಕೊಳ್ಳಿ. ನಮಗೆ ಕೊಟ್ಟಿದ್ದು ಅನ್ನ ತುಂಬಿದ ಟೊಮೆಟೊ, ದಪ್ಪ ಮೆಣಸಿನಕಾಯಿ, ಎಣ್ಣೆಗಾಯಿ ಹಾಗೆ ಎಣ್ಣೆಯಲ್ಲಿ ಮುಳುಗಿದ್ದವು. ಜೊತೆಗೆ ಬಿಳಿ ಬೀನ್ಸ್ ಕಾಳಿನ ಸಾರು, ಬ್ರೆಡ್ಡು. ತಟ್ಟೆಯಲ್ಲಿ ಉಳಿದ ಎಣ್ಣೆಗೆ ನಾನು ಬ್ರೆಡ್ಡು ಅದ್ದುವುದನ್ನು ನೋಡಿ ಹೋಟೆಲಿನ ಅಜ್ಜಿ, ನಾನು ಕೇಳದೆಯೇ ಇನ್ನೆರಡು ತುಂಡು ತಂದಿಟ್ಟರು. ಇಬ್ಬರಿಗೂ ಸೇರಿ ಬಿಲ್ಲು ಆ ಟ್ಯಾಕ್ಸಿಯ ಅರ್ಧವೂ ಆಗಲಿಲ್ಲ.